ಪಟ್ಟಿಯಲ್ಲಿ ನಮ್ಮೂರು ಯಾಕೆ ಕಾಣಿಸುತ್ತಿಲ್ಲ?

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಮಾತು. ‘ವೆಬ್‌ಸೈಟಿನಲ್ಲಿ ಇದೆ ಅಂತ ಎಲ್ಲರೂ ಹೇಳುತ್ತಾರೆ, ನಮಗೆ ಮಾತ್ರ ಸಿಗುತ್ತಿಲ್ಲ.’ ಕಲಬುರಗಿಯ ಗಂಜ್ (ಕೃಷಿ ಮಾರುಕಟ್ಟೆ) ಹತ್ತಿರದ ಆನ್‌ಲೈನ್ ಅಂಗಡಿಯೊಂದರಲ್ಲಿ ವರ್ಷಗಟ್ಟಲೆ ಕೂತು, ಪಹಣಿಯಿಂದ ಹಿಡಿದು ಪರೀಕ್ಷೆಯ ಫಲಿತಾಂಶದವರೆಗೆ ನೂರಾರು ಜನರಿಗೆ ಹುಡುಕಿಕೊಟ್ಟವನು ನಾನು. ಬಂದವರಲ್ಲಿ ಬಹಳ ಮಂದಿ ಹೇಳುತ್ತಿದ್ದದ್ದು ‘ನನಗೆ ಓದು ಕಡಿಮೆ, ಅದಕ್ಕೇ ಸಿಗುತ್ತಿಲ್ಲ’ ಅಂತ. ಅದು ನಿಜವಲ್ಲ. ಎಂಎ ಓದಿದವರಿಗೂ ಸಿಗುವುದಿಲ್ಲ. ನಾವು ಕರೆಯುವ ಹೆಸರು ಒಂದು, ಕಚೇರಿ ಬರೆದಿಟ್ಟ ಹೆಸರು ಇನ್ನೊಂದು. ನಮ್ಮ ಭಾಗದಲ್ಲಂತೂ ಒಂದೊಂದಕ್ಕೂ ಎರಡು ಮೂರು ಹೆಸರು. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಉತ್ತರಗಳನ್ನು ಓದಿ.

ಪ್ರಶ್ನೆ: ನಮ್ಮ ಹೊಲದ ಪಹಣಿ ಮೊಬೈಲಿನಲ್ಲೇ ನೋಡೋಣ ಅಂತ ಭೂಮಿ ವೆಬ್‌ಸೈಟ್ ತೆಗೆದೆ. ಜಿಲ್ಲೆ ಕಲಬುರಗಿ ಹಾಕಿದೆ, ತಾಲೂಕು ಜೇವರ್ಗಿ ಹಾಕಿದೆ, ಹೋಬಳಿ ಎಲ್ಲಾ ತಡಕಾಡಿದೆ. ನಮ್ಮೂರ ಹೆಸರೇ ಬರವಲ್ದು. ಗೂಗಲ್‌ನಲ್ಲಿ ಊರ ಹೆಸರು, ಪಹಣಿ ಅಂತ ಹಾಕಿದರೆ ಬರೀ ವಿಡಿಯೋ ಬರ್ತಾವ್ರಿ. ಏನು ಮಾಡಲಿ?
— ಒಬ್ಬ ರೈತ, ಯಡ್ರಾಮಿ ಕಡೆಯವರು

ಉತ್ತರ: ಅಣ್ಣಾವ್ರೇ, ಮೊದಲು ಗೂಗಲ್ ವಿಷಯ ಮುಗಿಸೋಣ. ಗೂಗಲ್ ಮೊದಲೇ ಸಿದ್ಧವಾಗಿರುವ ಪುಟಗಳನ್ನು ಓದಿ, ಯಾವ ಪದ ಯಾವ ಪುಟದಲ್ಲಿದೆ ಅಂತ ಸೂಚಿ ಮಾಡಿಟ್ಟುಕೊಳ್ಳುತ್ತದೆ. ದಪ್ಪ ಪುಸ್ತಕದ ಕೊನೆಯಲ್ಲಿ ಪದಗಳ ಪಟ್ಟಿ ಇರುತ್ತದಲ್ಲ, ಹಾಗೆ. ನಿಮ್ಮ ಪಹಣಿಯ ಪುಟ ಮೊದಲೇ ಸಿದ್ಧವಾಗಿರುವುದಿಲ್ಲ. ನೀವು ಜಿಲ್ಲೆ, ತಾಲೂಕು, ಹೋಬಳಿ, ಊರು, ಸರ್ವೇ ನಂಬರ್ ಎಲ್ಲಾ ಕೊಟ್ಟ ಮೇಲೆ ಅದು ಆ ಕ್ಷಣಕ್ಕೆ ತಯಾರಾಗುತ್ತದೆ. ಹಾಗಾಗಿ ಗೂಗಲ್‌ಗೆ ಅದು ಗೊತ್ತೇ ಇಲ್ಲ, ಎಷ್ಟು ಹುಡುಕಿದರೂ ಬರುವುದಿಲ್ಲ. ವೆಬ್‌ಸೈಟಿನ ಬಾಗಿಲವರೆಗೆ ಗೂಗಲ್ ಕರೆದುಕೊಂಡು ಹೋಗುತ್ತದೆ, ಒಳಗೆ ನಾವೇ ನಡೆಯಬೇಕು.

ಈಗ ಊರು. ಯಡ್ರಾಮಿ ಈಗ ಜೇವರ್ಗಿ ತಾಲೂಕಿನಲ್ಲಿಲ್ಲ, ಅದೇ ಒಂದು ತಾಲೂಕು. ನಿಮಗೆ ಗೊತ್ತಿರುತ್ತದೆ, ಆದರೆ ಕೈ ರೂಢಿಯಿಂದ ಜೇವರ್ಗಿ ಅಂತಲೇ ಒತ್ತುತ್ತದೆ. ಈ ತೊಂದರೆ ನಿಮ್ಮೊಬ್ಬರದಲ್ಲ. ನಮ್ಮ ಜಿಲ್ಲೆಯಲ್ಲಿ ಯಡ್ರಾಮಿ ಜೊತೆಗೆ ಕಮಲಾಪುರ, ಕಾಳಗಿ, ಶಹಾಬಾದ್ ಹೊಸ ತಾಲೂಕುಗಳಾದವು. ಬೀದರ್‌ನಲ್ಲಿ ಹುಲಸೂರು, ಕಮಲನಗರ, ಚಿಟಗುಪ್ಪ. ಯಾದಗಿರಿಯಲ್ಲಿ ವಡಗೇರಾ, ಹುಣಸಗಿ, ಗುರುಮಠಕಲ್. ಒಂದು ಇಲಾಖೆಯ ವೆಬ್‌ಸೈಟ್ ಹೊಸ ತಾಲೂಕು ತೋರಿಸುತ್ತದೆ, ಇನ್ನೊಂದು ಇಲಾಖೆಯದು ಇನ್ನೂ ಹಳೆಯದರಲ್ಲೇ ಇರುತ್ತದೆ. 2011ರ ಜನಗಣತಿಯ ಪಟ್ಟಿ ನೋಡಿದರೆ ಈ ಹೊಸ ತಾಲೂಕು ಯಾವುದೂ ಸಿಗದು, ಯಾಕೆಂದರೆ ಅವು ಆಗಿದ್ದೇ ಅದಾದ ಮೇಲೆ. ಅದಕ್ಕೆ ಎರಡೂ ತಾಲೂಕು ಒತ್ತಿ ನೋಡುವ ರೂಢಿ ಮಾಡಿಕೊಳ್ಳಿ. ಹುಲಸೂರಿನವರು ಬಸವಕಲ್ಯಾಣ ನೋಡಿ, ವಡಗೇರಾದವರು ಶಹಾಪುರ ನೋಡಿ, ಕಮಲನಗರದವರು ಔರಾದ್ ನೋಡಿ.

ಇನ್ನೊಂದು ಮುಖ್ಯ ಮಾತು. ನಮ್ಮ ಕಡೆ ಎಷ್ಟೋ ಊರುಗಳ ಹೆಸರಿನ ಕೊನೆಗೆ ‘ಬಿ’ ಅಥವಾ ‘ಕೆ’ ಇರುತ್ತದೆ. ಬಿ ಅಂದರೆ ಬುದ್ರುಕ್, ದೊಡ್ಡದು. ಕೆ ಅಂದರೆ ಖುರ್ದ್, ಸಣ್ಣದು. ಪಾರ್ಸಿಯಿಂದ ಬಂದ ಪದಗಳು, ಹಳೆಯ ಕಂದಾಯ ದಾಖಲೆಗಳಿಂದ ಹಾಗೇ ಉಳಿದಿವೆ. ಊರಲ್ಲಿ ಮಾತಾಡುವಾಗ ಯಾರೂ ಬಿ, ಕೆ ಅನ್ನುವುದಿಲ್ಲ. ಪಟ್ಟಿಯಲ್ಲಿ ಮಾತ್ರ ಅವು ಎರಡು ಬೇರೆ ಬೇರೆ ಊರು.

ಒಮ್ಮೆ ಆಳಂದ ಕಡೆಯ ಹಿರಿಯರೊಬ್ಬರು ಅಂಗಡಿಗೆ ಬಂದರು. ಊರು ಒತ್ತಿದೆವು, ಸರ್ವೇ ನಂಬರ್ ಹಾಕಿದೆವು, ಪಹಣಿ ಬಂತು. ಮಾಲೀಕರ ಹೆಸರಿನ ಜಾಗದಲ್ಲಿ ಬೇರೆ ಯಾರದೋ ಹೆಸರು. ಅವರು ಎದ್ದು ನಿಂತರು. ಕೈ ನಡುಗುತ್ತಿತ್ತು. ‘ತಮ್ಮಾ, ನನ್ನ ಹೊಲ ಯಾರೋ ಬರೆಸಿಕೊಂಡಾರ’ ಅಂದರು. ನೀರು ಕೊಟ್ಟು ಕೂರಿಸಿ, ಮನೆಯಿಂದ ಹಳೆ ಪಹಣಿ ತರಿಸಿದೆವು. ಪ್ಲಾಸ್ಟಿಕ್ ಚೀಲದಲ್ಲಿ ನಾಲ್ಕು ಮಡಿಕೆ ಮಾಡಿಟ್ಟ ಕಾಗದ, ಮಡಿಕೆಯ ಗೆರೆಯಲ್ಲಿ ಅಕ್ಷರ ಅಳಿಸಿಹೋಗಿತ್ತು. ಆದರೂ ಊರ ಹೆಸರಿನ ಪಕ್ಕ ಸಣ್ಣದಾಗಿ ‘ಬಿ’ ಅಂತ ಕಾಣುತ್ತಿತ್ತು. ನಾವು ಒತ್ತಿದ್ದು ‘ಕೆ’. ಬದಲಿಸಿದ ಕೂಡಲೇ ಅವರದೇ ಹೆಸರು ಬಂತು. ಆವತ್ತಿನಿಂದ ನಾನು ಯಾರಿಗೇ ಆಗಲಿ ಮೊದಲು ಹೇಳುವುದು ಇದೇ: ಹುಡುಕುವ ಮುಂಚೆ ಮನೆಯ ಹಳೆ ಕಾಗದ ಪಕ್ಕದಲ್ಲಿಟ್ಟುಕೊಳ್ಳಿ. ಅದರಲ್ಲಿ ಹೇಗೆ ಬರೆದಿದೆಯೋ ಹಾಗೇ ಒತ್ತಿ.

ಸರ್ವೇ ನಂಬರ್ ಹಾಕಿದ ಮೇಲೆ ಸರ್ನಾಕ್, ಹಿಸ್ಸಾ ಅಂತ ಎರಡು ಪಟ್ಟಿ ತೆರೆಯುತ್ತವೆ. ಎರಡೂ ಸರ್ವೇ ನಂಬರಿನ ಒಳಭಾಗಗಳ ಗುರುತು. ಅಲ್ಲಿ ಬರೀ ಒಂದು ನಕ್ಷತ್ರದ ಗುರುತು ಕಂಡರೆ ಏನೋ ತಪ್ಪಾಯಿತು ಅಂತ ವಾಪಸ್ ಬರಬೇಡಿ. ಅದನ್ನೇ ಒತ್ತಿ ಮುಂದೆ ಹೋಗಬೇಕು. ಹಿಸ್ಸಾದಲ್ಲಿ ಒಂದಕ್ಕಿಂತ ಜಾಸ್ತಿ ಇದ್ದರೆ, ಅಣ್ಣತಮ್ಮಂದಿರ ಪಾಲಾದಾಗ ನಿಮಗೆ ಬಂದ ಹಿಸ್ಸಾ ಯಾವುದು ಅಂತ ಮನೆಯಲ್ಲಿ ಕೇಳಿಕೊಂಡು ಒತ್ತಿ.

ಪ್ರಶ್ನೆ: ನೌಕರಿಗೆ ಅರ್ಜಿ ಹಾಕಬೇಕು. ಎಚ್‌ಕೆ ಸರ್ಟಿಫಿಕೇಟ್ ಬಗ್ಗೆ ಹುಡುಕಿದರೆ ಒಂದು ಕಡೆ ಹೈದರಾಬಾದ್ ಕರ್ನಾಟಕ ಅಂತಿದೆ, ಇನ್ನೊಂದು ಕಡೆ ಕಲ್ಯಾಣ ಕರ್ನಾಟಕ ಅಂತಿದೆ. ಎರಡೂ ಬೇರೆಯಾ? ಯಾವುದನ್ನು ನಂಬಲಿ?
— ಪದವಿ ವಿದ್ಯಾರ್ಥಿನಿ, ಸೇಡಂ

ಉತ್ತರ: ಎರಡೂ ಒಂದೇ, ತಂಗಿ. ನಮ್ಮ ಭಾಗದವರಿಗೆ ಓದು, ನೌಕರಿಯಲ್ಲಿ ಮೀಸಲಾತಿಗೆ ದಾರಿ ಮಾಡಿದ 371ಜೆ ವಿಧಿ ಸಂವಿಧಾನದ 98ನೇ ತಿದ್ದುಪಡಿಯಿಂದ ಬಂತು. ಆ ವಿಧಿಯ ಒಳಗೆ ಬರೆದಿರುವುದು ಹೈದರಾಬಾದ್ ಕರ್ನಾಟಕ ಅಂತಲೇ. 2019ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಈ ಭಾಗಕ್ಕೆ ಕಲ್ಯಾಣ ಕರ್ನಾಟಕ ಅಂತ ಹೆಸರಿಟ್ಟಿತು. ಅದಕ್ಕಿಂತ ಹಿಂದಿನ ಆದೇಶಗಳಲ್ಲಿ ಹಳೆ ಹೆಸರು, ಆಮೇಲಿನವುಗಳಲ್ಲಿ ಹೊಸ ಹೆಸರು. ಒಂದೇ ಹೆಸರು ಹಾಕಿ ಹುಡುಕಿದರೆ ಅರ್ಧ ದಾಖಲೆ ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಇನ್ನು ‘ಎಚ್‌ಕೆ ಸರ್ಟಿಫಿಕೇಟ್’ ಅನ್ನುವುದು ನಮ್ಮ ಬಾಯಿಮಾತು. ಆದೇಶದಲ್ಲಿ ಅದು ‘ಅರ್ಹತಾ ಪ್ರಮಾಣಪತ್ರ’. ಕೊಡುವವರು ಸಹಾಯಕ ಆಯುಕ್ತರು. ಆದ್ದರಿಂದ ‘371ಜೆ ಅರ್ಹತಾ ಪ್ರಮಾಣಪತ್ರ’ ಅಂತ ಹಾಕಿ ನೋಡಿ. ಎರಡು ಪದ ಕೂಡಿಯೇ ಬರಬೇಕು ಅಂದರೆ ಅವುಗಳ ಎರಡೂ ಕಡೆ ಉದ್ಧರಣ ಚಿಹ್ನೆ ಹಾಕಿ, ಆಗ ಗೂಗಲ್ ಅದೇ ಸಾಲನ್ನು ಹುಡುಕುತ್ತದೆ. ಸರ್ಕಾರದ ಪುಟಗಳಷ್ಟೇ ಬೇಕಾದರೆ ಇನ್ನೊಂದು ದಾರಿ ಇದೆ. ಇಂಗ್ಲಿಷ್ ಅಕ್ಷರದಲ್ಲಿ ಸೈಟ್ ಅಂತ ಬರೆದು, ಕೋಲನ್ ಹಾಕಿ, ನಡುವೆ ಜಾಗ ಬಿಡದೆ ಕರ್ನಾಟಕ ಡಾಟ್ ಗವ್ ಡಾಟ್ ಇನ್ ಅಂತ ಬರೆಯಿರಿ. ಆಮೇಲೆ ಒಂದು ಜಾಗ ಬಿಟ್ಟು ನಿಮ್ಮ ಪದ. ವಿಡಿಯೋ, ಕೋಚಿಂಗ್ ಸೆಂಟರ್ ಪುಟ ಎಲ್ಲಾ ಬದಿಗೆ ಸರಿದು ಇಲಾಖೆಗಳ ಪುಟ ಮಾತ್ರ ಉಳಿಯುತ್ತವೆ. ಇದೊಂದನ್ನು ಕಲಿತರೆ ನಿಮ್ಮ ಇಡೀ ಪರೀಕ್ಷಾ ತಯಾರಿಗೆ ಉಪಯೋಗ ಆಗುತ್ತದೆ, ದಯವಿಟ್ಟು ಇವತ್ತೇ ಮಾಡಿ ನೋಡಿ.

ಸಿಕ್ಕ ಆದೇಶದ ಮೇಲೆ ದಿನಾಂಕ ನೋಡುವುದನ್ನು ಮರೆಯಬೇಡಿ. ಗೂಗಲ್ ಮೊದಲು ತೋರಿಸಿದ್ದೇ ಹೊಸದು ಅಂತ ಏನಿಲ್ಲ. ಬಹಳ ಜನ ನೋಡಿದ, ಬಹಳ ಕಡೆಯಿಂದ ಕೊಂಡಿ ಇರುವ ಹಳೆ ಪುಟ ಮೇಲೆ ಕೂತಿರಬಹುದು. ಕಂಪ್ಯೂಟರಿನಲ್ಲಾದರೆ ‘ಟೂಲ್ಸ್’ ಒತ್ತಿ ಕಳೆದ ಒಂದು ವರ್ಷದ್ದಷ್ಟೇ ತೋರಿಸು ಅಂತ ಹೇಳಬಹುದು. ಕೊನೆಗೆ ನೀವು ಅರ್ಜಿ ಹಾಕುವ ಹುದ್ದೆಯ ಅಧಿಸೂಚನೆಯಲ್ಲಿ ಯಾವ ನಮೂನೆ ಕೇಳಿದ್ದಾರೋ ಅದೇ ಸರಿ.

ಪ್ರಶ್ನೆ: ಶಿಕ್ಷಣಕ್ಕೆ ಸಂಬಂಧಿಸಿದ ಹಳೆಯ ಸುತ್ತೋಲೆಯ ಪಿಡಿಎಫ್ ನನ್ನ ಹತ್ತಿರ ಇದೆ. ನೂರಕ್ಕೂ ಹೆಚ್ಚು ಪುಟ. ಕಣ್ಣಿಗೆ ಅಚ್ಚ ಕನ್ನಡ ಕಾಣುತ್ತದೆ. ಆದರೆ ‘ರಜೆ’ ಅಂತ ಹಾಕಿ ಹುಡುಕಿದರೆ ಒಂದೂ ಸಿಗುವುದಿಲ್ಲ. ಮೊದಲ ಪುಟದಲ್ಲೇ ಆ ಪದ ಇದೆ! ಇದು ಯಾಕೆ ಹೀಗೆ?
— ಪ್ರಾಥಮಿಕ ಶಾಲಾ ಶಿಕ್ಷಕರು, ಭಾಲ್ಕಿ

ಉತ್ತರ: ಮೇಷ್ಟ್ರೇ, ಈ ಪ್ರಶ್ನೆ ಕೇಳಿದ್ದಕ್ಕೆ ನಿಜವಾಗಿ ಖುಷಿಯಾಯಿತು, ಯಾಕೆಂದರೆ ಕನ್ನಡದಲ್ಲಿ ಹುಡುಕುವ ಎಲ್ಲರಿಗೂ ಈ ಗೋಡೆ ಅಡ್ಡ ಬರುತ್ತದೆ, ಆದರೆ ಅಲ್ಲೊಂದು ಗೋಡೆ ಇದೆ ಅಂತಲೇ ಬಹಳ ಜನರಿಗೆ ಗೊತ್ತಿಲ್ಲ.

ಒಂದು ಸಣ್ಣ ಪರೀಕ್ಷೆ ಮಾಡಿ. ಆ ಪಿಡಿಎಫ್‌ನಲ್ಲಿ ‘ಕನ್ನಡ’ ಅನ್ನುವ ಪದ ಎಲ್ಲಾದರೂ ಇದ್ದರೆ ಅದನ್ನು ಕಾಪಿ ಮಾಡಿ ನಿಮ್ಮ ವಾಟ್ಸಾಪ್‌ನಲ್ಲಿ ಪೇಸ್ಟ್ ಮಾಡಿ. ಇಂಗ್ಲಿಷಿನ ಪಿ, ಅದರ ಪಕ್ಕ ತಲೆ ಮೇಲೆ ಓರೆ ಗೆರೆ ಹೊತ್ತ ಎ, ಆಮೇಲೆ ಪೌಂಡ್ ಹಣದ ಗುರುತು, ಹೀಗೆ ಏನೇನೋ ಬಂದರೆ ಆ ಸುತ್ತೋಲೆಯನ್ನು ಹಳೆಯ ‘ನುಡಿ’ (ಕನ್ನಡ ಟೈಪ್ ಮಾಡುವ ತಂತ್ರಾಂಶ) ಅಥವಾ ಅಂಥದ್ದೇ ಫಾಂಟಿನಲ್ಲಿ ಟೈಪ್ ಮಾಡಿದ್ದಾರೆ ಅಂತ ಅರ್ಥ. ಆ ಕಾಲದ ಪದ್ಧತಿಯಲ್ಲಿ ಕಂಪ್ಯೂಟರ್ ಒಳಗೆ ಇಂಗ್ಲಿಷ್ ಅಕ್ಷರಗಳೇ ಇರುತ್ತಿದ್ದವು, ಮೇಲೆ ಕನ್ನಡದ ಆಕಾರ ತೊಡಿಸುತ್ತಿದ್ದರು. ಕಣ್ಣು ಕನ್ನಡ ಓದುತ್ತದೆ, ಯಂತ್ರ ಓದುವುದು ಒಳಗಿನದನ್ನು. ಈಗ ನಿಮ್ಮ ಫೋನಿನಲ್ಲಿ ಟೈಪ್ ಮಾಡುವ ಕನ್ನಡ ಯುನಿಕೋಡ್. ಅದರಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಸ್ವಂತ ಸಂಖ್ಯೆ ಇದೆ. ನೀವು ಹುಡುಕುತ್ತಿರುವ ‘ರಜೆ’ ಬೇರೆ, ಪುಟದೊಳಗೆ ಕೂತಿರುವ ‘ರಜೆ’ ಬೇರೆ. ಹೇಗೆ ತಾನೇ ಸಿಗುತ್ತದೆ?

ಇದಕ್ಕೆ ದಾರಿ ಇದೆ. ಹಳೆ ನುಡಿಯಿಂದ ಯುನಿಕೋಡ್‌ಗೆ ಬದಲಿಸುವ ಉಚಿತ ಪರಿವರ್ತಕಗಳು ಇಂಟರ್ನೆಟ್‌ನಲ್ಲಿ ಸಿಗುತ್ತವೆ. ಬೇಕಾದ ಪುಟ ಕಾಪಿ ಮಾಡಿ ಅದರಲ್ಲಿ ಹಾಕಿ, ಆಮೇಲೆ ಹುಡುಕಿ. ಪದವನ್ನು ಆಯ್ಕೆ ಮಾಡಲಿಕ್ಕೇ ಬರದಿದ್ದರೆ ಅದು ಸ್ಕ್ಯಾನ್ ಮಾಡಿದ ಚಿತ್ರ. ಆಗ ಪಿಡಿಎಫ್ ಅನ್ನು ಗೂಗಲ್ ಡ್ರೈವ್‌ಗೆ ಹಾಕಿ, ಗೂಗಲ್ ಡಾಕ್ಸ್‌ನಲ್ಲಿ ತೆರೆಯಿರಿ. ಚಿತ್ರದಿಂದ ಅಕ್ಷರ ಎತ್ತಿಕೊಡುತ್ತದೆ. ಒತ್ತಕ್ಷರದಲ್ಲಿ ತಪ್ಪುಗಳು ಇರುತ್ತವೆ, ಉದ್ದದ ಪಿಡಿಎಫ್ ಆದರೆ ನಾಲ್ಕಾರು ಪುಟಗಳ ತುಂಡು ಮಾಡಿ ಹಾಕಿ. ಒಂದೆರಡು ಪುಟವಷ್ಟೇ ಇದ್ದರೆ ಫೋನಿನ ಗೂಗಲ್ ಲೆನ್ಸ್ ಸಾಕು.

ಇದರಲ್ಲಿ ನನಗೆ ನೋವಾಗುವ ಮಾತು ಒಂದಿದೆ. ಎಷ್ಟೋ ವರ್ಷಗಳ ಕನ್ನಡದ ಆದೇಶ, ವರದಿ, ಪಾಠ ಹೀಗೇ ಬೀಗ ಹಾಕಿದ ಪೆಟ್ಟಿಗೆಯಲ್ಲಿ ಕೂತಿವೆ. ಇಂಟರ್ನೆಟ್‌ಗೆ ಹಾಕಿದ್ದಾರೆ, ಸರಿ, ಆದರೆ ಕನ್ನಡದಲ್ಲಿ ಹುಡುಕುವವನಿಗೆ ಸಿಗದಿದ್ದರೆ ಹಾಕಿ ಏನು ಬಂತು? ನಿಮ್ಮ ಶಾಲೆಯಿಂದ ಏನೇ ಟೈಪ್ ಮಾಡಿ ಕಳಿಸಿದರೂ ಯುನಿಕೋಡ್‌ನಲ್ಲೇ ಮಾಡಿ, ಪ್ರಿಂಟ್ ತೆಗೆದು ಸ್ಕ್ಯಾನ್ ಮಾಡುವ ಬದಲು ನೇರವಾಗಿ ಪಿಡಿಎಫ್ ಮಾಡಿ.

ಪ್ರಶ್ನೆ: ನಿನ್ನೆ ಒಂದು ಪುಟ ನೋಡಿದ್ದೆ. ಇವತ್ತು ಎಷ್ಟು ಹುಡುಕಿದರೂ ಸಿಗುತ್ತಿಲ್ಲ.
— ಓದುಗರು, ಹುಮನಾಬಾದ್

ಉತ್ತರ: ಮತ್ತೆ ಹುಡುಕುವ ಕೆಲಸವೇ ಬೇಡ. ಕ್ರೋಮ್‌ನಲ್ಲಿ ಮೇಲಿನ ಮೂರು ಚುಕ್ಕಿ ಒತ್ತಿ, ‘ಹಿಸ್ಟರಿ’ ತೆರೆಯಿರಿ. ನಿನ್ನೆ ನೋಡಿದ್ದೆಲ್ಲಾ ಸಾಲಾಗಿ ಇರುತ್ತದೆ. ಬೇಕಾದ ಪುಟಕ್ಕೆ ನಕ್ಷತ್ರ ಒತ್ತಿ ಬುಕ್‌ಮಾರ್ಕ್ ಮಾಡಿಡಿ. ಅದೇ ಮೂರು ಚುಕ್ಕಿಯಲ್ಲಿ ‘ಫೈಂಡ್ ಇನ್ ಪೇಜ್’ ಅಂತಲೂ ಇದೆ, ಉದ್ದ ಪುಟದಲ್ಲಿ ನಿಮ್ಮೂರ ಹೆಸರು ಎಲ್ಲಿದೆ ಅಂತ ಅದು ನೇರ ತೋರಿಸುತ್ತದೆ. ಕಂಪ್ಯೂಟರಿನಲ್ಲಿ ಕಂಟ್ರೋಲ್ ಮತ್ತು ಎಫ್.

ಪ್ರಶ್ನೆ: ಗ್ಯಾಸ್ ಬುಕ್ ಆಗಲಿಲ್ಲ ಅಂತ ಕಸ್ಟಮರ್ ಕೇರ್ ನಂಬರ್ ಗೂಗಲ್‌ನಲ್ಲಿ ಹುಡುಕಿ ಫೋನ್ ಮಾಡಿದೆ. ಎತ್ತಿದವನು ಒಂದು ಆ್ಯಪ್ ಹಾಕಿಕೊಳ್ಳಿ ಅಂದ. ಹೆದರಿ ಕಟ್ ಮಾಡಿದೆ. ನಾನು ಮಾಡಿದ್ದು ಸರಿಯಾ?
— ಗೃಹಿಣಿ, ಯಾದಗಿರಿ

ಉತ್ತರ: ಅಕ್ಕಾ, ನೂರಕ್ಕೆ ನೂರು ಸರಿ. ಇದೊಂದು ವಿಷಯದಲ್ಲಿ ನನ್ನ ಮಾತು ಕಟ್ಟುನಿಟ್ಟು: ಸಹಾಯವಾಣಿ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ. ಮೋಸ ಮಾಡುವವರು ತಮ್ಮ ನಂಬರ್ ಬರೆದ ಪುಟ ಮಾಡಿ ಮೇಲೆ ಬರುವ ಹಾಗೆ ನೋಡಿಕೊಳ್ಳುತ್ತಾರೆ, ದುಡ್ಡು ಕೊಟ್ಟು ಜಾಹೀರಾತೂ ಹಾಕುತ್ತಾರೆ. ಹುಡುಕಿದಾಗ ಮೇಲೆ ‘ಸ್ಪಾನ್ಸರ್ಡ್’ ಅಥವಾ ‘ಪ್ರಾಯೋಜಿತ’ ಅಂತ ಸಣ್ಣ ಅಕ್ಷರದಲ್ಲಿ ಇದ್ದರೆ ಅದು ಜಾಹೀರಾತು. ಗ್ಯಾಸ್ ನಂಬರ್ ನಿಮ್ಮ ಗ್ಯಾಸ್ ಪುಸ್ತಕದಲ್ಲೇ ಇದೆ. ಬ್ಯಾಂಕಿನದು ಎಟಿಎಂ ಕಾರ್ಡಿನ ಹಿಂದೆ ಮತ್ತು ಪಾಸ್‌ಬುಕ್‌ನಲ್ಲಿ ಇದೆ. ಅಲ್ಲಿಂದಲೇ ನೋಡಿ ಮಾಡಿ. ಆ್ಯಪ್ ಹಾಕಿಕೊಳ್ಳಿ, ಒಟಿಪಿ ಹೇಳಿ ಅಂದ ಕೂಡಲೇ ಕಟ್ ಮಾಡಬೇಕು, ನೀವು ಮಾಡಿದ ಹಾಗೆ. ಯಾರಿಗಾದರೂ ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಲಿ. ಮೊದಲ ಕೆಲವು ಗಂಟೆಯಲ್ಲಿ ಹೇಳಿದರೆ ದುಡ್ಡು ತಡೆಹಿಡಿಯುವ ಅವಕಾಶ ಜಾಸ್ತಿ. ನಾಚಿಕೆ ಪಟ್ಟು ಮನೆಯಲ್ಲಿ ಮುಚ್ಚಿಡುವುದರಲ್ಲೇ ಆ ಗಂಟೆಗಳು ಹೋಗಿಬಿಡುತ್ತವೆ.

ಪ್ರಶ್ನೆ: ತೊಗರಿ ರೇಟ್ ನೋಡಲಿಕ್ಕೆ ಕೇಂದ್ರ ಸರ್ಕಾರದ ಅಗ್‌ಮಾರ್ಕ್‌ನೆಟ್ ವೆಬ್‌ಸೈಟ್ ತೆಗೆದೆ. ಪಟ್ಟಿಯಲ್ಲಿ ತೊಗರಿಯೇ ಇಲ್ಲ. ತೊಗರಿ ಕಣಜ ಅಂತ ಕರೆಸಿಕೊಳ್ಳುವ ಜಿಲ್ಲೆ ನಮ್ಮದು!
— ರೈತರ ಮಗ, ಅಫಜಲಪುರ

ಉತ್ತರ: ಇದೆ ತಮ್ಮಾ, ‘ಅರ್‌ಹರ್’ ಅಂತ ಇದೆ. ಉತ್ತರದ ಕಡೆ ತೊಗರಿಗೆ ಆ ಹೆಸರು. ಪಟ್ಟಿ ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಇರುವುದರಿಂದ ಅದು ಟಿ ಹತ್ತಿರ ಇಲ್ಲ, ಎ ಹತ್ತಿರ ಇದೆ. ಪಕ್ಕದಲ್ಲಿ ತೂರ್, ರೆಡ್ ಗ್ರಾಂ ಅಂತಲೂ ಬರೆದಿರುತ್ತಾರೆ. ಕಡಲೆ ಬೇಕಾದರೆ ‘ಬೆಂಗಾಲ್ ಗ್ರಾಂ’, ಹೆಸರು ಬೇಕಾದರೆ ‘ಗ್ರೀನ್ ಗ್ರಾಂ’. ಕಾಳು ಬೇರೆ, ಬೇಳೆ ಬೇರೆ. ಕಾಳಿಗೆ ‘ಹೋಲ್’ ಅಂತ ಇರುವುದನ್ನೇ ಒತ್ತಿ, ಇಲ್ಲದಿದ್ದರೆ ಬೇಳೆ ರೇಟ್ ನೋಡಿ ಮನಸ್ಸಲ್ಲಿ ಲೆಕ್ಕ ಹಾಕಿಕೊಂಡು ಗಂಜ್‌ಗೆ ಬಂದು ಬೇಸರ ಪಡುತ್ತೀರಿ. ಕನ್ನಡದಲ್ಲೇ ನೋಡಬೇಕಾದರೆ ನಮ್ಮ ರಾಜ್ಯದ ‘ಕೃಷಿ ಮಾರಾಟ ವಾಹಿನಿ’ ವೆಬ್‌ಸೈಟ್ ಇದೆ.

ಅಂದಹಾಗೆ ಊರ ಹೆಸರಿಗೂ ಇದೇ ತೊಂದರೆ. 2014ರ ನವೆಂಬರ್ 1ರಂದು ಗುಲ್ಬರ್ಗಾ ಕಲಬುರಗಿ ಆಯಿತು. ಆದರೆ ವಿಶ್ವವಿದ್ಯಾಲಯ ಇವತ್ತಿಗೂ ಗುಲಬರ್ಗಾ ವಿಶ್ವವಿದ್ಯಾಲಯವೇ. ಮತದಾರರ ಪಟ್ಟಿಯಲ್ಲಿ ಕ್ಷೇತ್ರದ ಹೆಸರು ಇಂಗ್ಲಿಷಿನಲ್ಲಿ ಗುಲ್ಬರ್ಗಾ ದಕ್ಷಿಣ್, ಗುಲ್ಬರ್ಗಾ ಉತ್ತರ್. ಸುರಪುರದವರು ತಮ್ಮ ಕ್ಷೇತ್ರವನ್ನು ಶೋರಾಪುರ ಅಂತ ಹುಡುಕಬೇಕು.

ಪ್ರಶ್ನೆ: ನಮ್ಮ ಅಪ್ಪ ಬಿದ್ರಿ ಕೆಲಸ (ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಕಸುಬು) ಮಾಡುತ್ತಾರೆ. ಅವರಿಗಾಗಿ ಒಂದು ಸಣ್ಣ ವೆಬ್‌ಸೈಟ್ ಮಾಡುತ್ತಿದ್ದೇನೆ. ಹುಡುಕುವ ಪೆಟ್ಟಿಗೆ ಇಡಬೇಕಾ, ಮೆನು ಸಾಕಾ? ಜನ ಬಂದು ಒಂದೇ ಪುಟ ನೋಡಿ ಹೋಗಿಬಿಡುತ್ತಾರೆ.
— ಡಿಪ್ಲೊಮಾ ವಿದ್ಯಾರ್ಥಿ, ಬೀದರ್

ಉತ್ತರ: ಮೂವತ್ತು ನಲವತ್ತು ಸಾಮಾನು ಇರುವ ವೆಬ್‌ಸೈಟಿಗೆ ಹುಡುಕುವ ಪೆಟ್ಟಿಗೆ ಬೇಡ. ಒಳ್ಳೆ ಮೆನು ಸಾಕು. ಪೆಟ್ಟಿಗೆ ಇಟ್ಟರೆ ಜನ ಅದರಲ್ಲಿ ಏನೋ ಬರೆಯುತ್ತಾರೆ, ‘ಏನೂ ಸಿಗಲಿಲ್ಲ’ ಅಂತ ಬರುತ್ತದೆ, ಅಲ್ಲಿಗೆ ಹೋಗಿಬಿಡುತ್ತಾರೆ.

ಜನ ಯಾಕೆ ಒಂದೇ ಪುಟ ನೋಡಿ ಹೋಗುತ್ತಾರೆ ಅನ್ನುವುದಕ್ಕೆ ಒಳ್ಳೆಯ ವಿವರಣೆ ಇದೆ. ಅಮೆರಿಕದ ಝೆರಾಕ್ಸ್ ಕಂಪನಿಯ ಪಾರ್ಕ್ ಪ್ರಯೋಗಾಲಯದಲ್ಲಿ ಪೀಟರ್ ಪಿರೋಲಿ ಮತ್ತು ಸ್ಟುವರ್ಟ್ ಕಾರ್ಡ್ ಅನ್ನುವವರು 1990ರ ದಶಕದಲ್ಲಿ ಇದನ್ನು ಅಧ್ಯಯನ ಮಾಡಿದರು. ಪ್ರಾಣಿ ಮೇವು ಹುಡುಕುವ ಹಾಗೆ ಮನುಷ್ಯ ಮಾಹಿತಿ ಹುಡುಕುತ್ತಾನೆ ಅಂತ ಅವರ ವಾದ. ವಾಸನೆ ಬಂದ ಕಡೆ ಹೋಗುತ್ತಾನೆ. ವಾಸನೆ ಕಡಿಮೆಯಾದರೆ ಆ ಜಾಗ ಬಿಟ್ಟು ಬೇರೆ ಜಾಗಕ್ಕೆ ಹೋಗುತ್ತಾನೆ. ವೆಬ್‌ಸೈಟಿನಲ್ಲಿ ಆ ವಾಸನೆ ಅಂದರೆ ಕೊಂಡಿಯ ಮೇಲಿನ ಪದ. ಅದನ್ನು ಒತ್ತಿದರೆ ಏನು ಸಿಗುತ್ತದೆ ಅನ್ನುವ ಅಂದಾಜು ಒತ್ತುವ ಮುಂಚೆಯೇ ಬರಬೇಕು.

ನಿಮ್ಮ ಮೆನುವಿನಲ್ಲಿ ಏನಿದೆ ಅಂತ ನೀವು ಬರೆದಿಲ್ಲ. ‘ನಮ್ಮ ಪಯಣ’, ‘ಪರಂಪರೆ’, ‘ಸಂಗ್ರಹ’ ಅಂತೇನಾದರೂ ಇದ್ದರೆ ತೆಗೆದುಬಿಡಿ. ಹೂದಾನಿ ಬೇಕಾದವರು ಯಾವುದನ್ನು ಒತ್ತಬೇಕು ಅಂತ ಅದರಿಂದ ತಿಳಿಯುವುದಿಲ್ಲ. ಹೂದಾನಿ, ಪೆಟ್ಟಿಗೆ, ಬಳೆ, ಬೆಲೆ, ಅಂಗಡಿಗೆ ದಾರಿ, ಹೀಗೆ ಬರೆಯಿರಿ. ತಾರಕಶಿ ಅನ್ನುವ ಪದ ನಿಮ್ಮ ಮನೆಯಲ್ಲಿ ದಿನಾ ಬಳಕೆಯದು. ಕೊಳ್ಳುವವರಿಗೆ ಅದು ಗೊತ್ತಿಲ್ಲ. ಅದನ್ನು ಬಿಡಬೇಡಿ, ಅದು ನಿಮ್ಮಪ್ಪನ ಕಸುಬಿನ ಪದ. ಪಕ್ಕದಲ್ಲೇ ‘ಬೆಳ್ಳಿ ತಂತಿ ಕೂರಿಸಿದ ಕೆಲಸ’ ಅಂತ ಸೇರಿಸಿ.

ಹೆಸರನ್ನೂ ಜನ ಬೇರೆ ಬೇರೆ ಥರ ಬರೆಯುತ್ತಾರೆ. ಬಿದ್ರಿ, ಬಿದರಿ, ಬೀದರಿ, ಇಂಗ್ಲಿಷಿನಲ್ಲಿ ಬಿದ್ರಿವೇರ್. ನಾಲ್ಕೂ ನಿಮ್ಮ ಪುಟದಲ್ಲಿ ಎಲ್ಲಾದರೂ ಸಹಜವಾಗಿ ಒಂದೊಂದು ಸಲ ಬರಲಿ. ತುಂಬಾ ಜನ ಮಾಡುವ ತಪ್ಪು ಇನ್ನೊಂದಿದೆ: ಚಂದದ ಪೋಸ್ಟರ್ ಮಾಡಿ, ಹೆಸರು, ಬೆಲೆ, ವಿಳಾಸ ಎಲ್ಲಾ ಅದರ ಮೇಲೆ ಬರೆದು ಚಿತ್ರವಾಗಿ ಹಾಕುತ್ತಾರೆ. ಚಿತ್ರದೊಳಗಿನ ಅಕ್ಷರವನ್ನು ಗೂಗಲ್ ಓದುತ್ತದೆ ಅಂತ ನಂಬಿ ಕೂರಬೇಡಿ, ಕಣ್ಣು ಕಾಣದವರ ಫೋನ್ ಅಂತೂ ಅದನ್ನು ಸರಿಯಾಗಿ ಓದಿ ಹೇಳುವುದಿಲ್ಲ. ಪ್ರತಿ ಫೋಟೋದ ಕೆಳಗೆ ಅಕ್ಷರದಲ್ಲೇ ಬರೆಯಿರಿ: ‘ಬೆಳ್ಳಿ ತಂತಿ ಕೂರಿಸಿದ ಕಪ್ಪು ಬಿದ್ರಿ ಹೂದಾನಿ, ಎಂಟು ಇಂಚು ಎತ್ತರ’. ಆ ಕಪ್ಪು ಬಣ್ಣ ಬೀದರ್ ಕೋಟೆಯ ಮಣ್ಣಿನಿಂದ ಬರುತ್ತದೆ ಅಂತ ಒಂದು ಸಾಲು ಸೇರಿಸಿ. ಅದನ್ನು ಹುಡುಕಿಕೊಂಡು ಬರುವವರೂ ಇದ್ದಾರೆ.

ಒಂದು ವಾರ ಅಪ್ಪನ ಪಕ್ಕ ನೋಟ್‌ಬುಕ್ ಇಟ್ಟುಕೊಂಡು ಕೂರಿ. ಅಂಗಡಿಗೆ ಬಂದವರು, ಫೋನ್ ಮಾಡಿದವರು ಮೊದಲ ಮಾತಿನಲ್ಲಿ ಏನಂತ ಕೇಳುತ್ತಾರೆ ಅಂತ ಅವರದೇ ಪದದಲ್ಲಿ ಬರೆದುಕೊಳ್ಳಿ. ‘ಗಿಫ್ಟ್ ಕೊಡಲಿಕ್ಕೆ ಏನಾದರೂ ಇದೆಯಾ’ ಅಂತ ಹತ್ತು ಜನ ಕೇಳಿದರೆ ಮೆನುವಿನಲ್ಲಿ ‘ಗಿಫ್ಟ್’ ಅಂತ ಇರಲಿ. ಮೆನು ಬದಲಿಸಿದ ಮೇಲೆ ಕಂಪ್ಯೂಟರ್ ಗೊತ್ತಿಲ್ಲದ ನಿಮ್ಮ ಅತ್ತೆಗೋ ಚಿಕ್ಕಮ್ಮನಿಗೋ ಫೋನ್ ಕೊಟ್ಟು, ‘ಒಂದು ಹೂದಾನಿಯ ಬೆಲೆ ನೋಡಿ ಹೇಳಿ’ ಅನ್ನಿ. ನೀವು ಬಾಯಿ ಬಿಡಬೇಡಿ, ಬೆರಳೂ ತೋರಿಸಬೇಡಿ. ಅವರು ಎಲ್ಲಿ ನಿಲ್ಲುತ್ತಾರೋ ಆ ಪುಟವನ್ನು ಮೊದಲು ಸರಿಮಾಡಿ, ಆಮೇಲೆ ನನಗೆ ಮತ್ತೆ ಬರೆಯಿರಿ.